ಮನೆಯ ಲೇತಿನಲ್ಲಿ ಕ್ಯಾರೇಜಿನ ಸ್ವಯಂನಿಲುಗಡೆ: ಚಾಲನೆಯ ಕೊಂಡಿ ಕಳಚಬೇಕಾದ ಜಾಗ

ಶೋಲ್ಡರಿನವರೆಗೆ ಥ್ರೆಡ್ ಹಾಕುವಾಗ ಟೂಲು ಹತ್ತಿರವಾಗುತ್ತಿದ್ದಂತೆ ಟರ್ನರಿನ ಕೈ, ಕ್ಯಾರೇಜನ್ನು ಲೀಡ್‌ಸ್ಕ್ರೂವಿಗೆ ಕಚ್ಚಿಸುವ ಹಾಫ್‌ನಟ್ಟಿನ ಹಿಡಿಯ ಮೇಲೆ ಕಾದಿರುತ್ತದೆ. ಪಿಚ್ 1.5 ಮಿ.ಮೀ., ವೇಗ ನಿಮಿಷಕ್ಕೆ 200 ಸುತ್ತು ಎಂದಿಟ್ಟುಕೊಂಡರೆ ಕ್ಯಾರೇಜು ಸೆಕೆಂಡಿಗೆ 5 ಮಿ.ಮೀ. ಓಡುತ್ತದೆ. ಕಣ್ಣು ಕಂಡು ಕೈ ಆಡಲು ಕಾಲು ಸೆಕೆಂಡು ಹಿಡಿದರೆ ಅಷ್ಟರಲ್ಲಿ ಟೂಲು 1.25 ಮಿ.ಮೀ. ದಾಟಿರುತ್ತದೆ. ಪಳಗಿದವರು ಮುಂಚೆಯೇ ಅಂದಾಜಿಸಿ ಎಳೆಯುತ್ತಾರೆ, ನಿಜ. ಆದರೆ ಆ ಅಂದಾಜು ಪ್ರತಿ ಸಲವೂ ಒಂದೇ ಆಗಿರುವುದಿಲ್ಲ. ಸುತ್ತಿಗೆ 0.1 ಮಿ.ಮೀ. ಫೀಡಿನ ಸಾದಾ ಟರ್ನಿಂಗಿನಲ್ಲಿ ಅದೇ ತಡಕ್ಕೆ ತೆರುವ ಬೆಲೆ 0.08 ಮಿ.ಮೀ. ಮಾತ್ರ. ಆದ್ದರಿಂದ ಸ್ವಯಂನಿಲುಗಡೆಯ ನಿಜವಾದ ಪರೀಕ್ಷೆ ಥ್ರೆಡ್ಡಿಂಗಿನಲ್ಲೇ ನಡೆಯಬೇಕು. ಅಲ್ಲಿ ಅದು ಗೆಲ್ಲುವುದೂ ಸೋಲುವುದೂ, ಸ್ಪಿಂಡಲಿನಿಂದ ಕ್ಯಾರೇಜಿನವರೆಗಿನ ಚಾಲನೆಯನ್ನು ಯಾವ ಕೊಂಡಿಯಲ್ಲಿ ಕಳಚುತ್ತೇವೆ ಎಂಬುದನ್ನು ಅವಲಂಬಿಸಿದೆ ಎಂಬುದು ಈ ಲೇಖನದ ವಾದ.

ನಿದರ್ಶನಕ್ಕೆ ಇಂಗ್ಲೆಂಡಿನ ಬೀಸ್ಟನ್‌ನಲ್ಲಿ ತಯಾರಾಗುತ್ತಿದ್ದ ಮೈಫೋರ್ಡ್ ಎಂಎಲ್7 ಲೇತನ್ನು ತೆಗೆದುಕೊಳ್ಳಬಹುದು. 1946ರಲ್ಲಿ ಮಾರುಕಟ್ಟೆಗೆ ಬಂದ ಇದು ಬ್ರಿಟನ್ನಿನ ಹವ್ಯಾಸಿ ಕಾರ್ಯಾಗಾರಗಳಲ್ಲಿ ಮನೆಮಾತಾಯಿತು. ಇದಕ್ಕೆ ಪ್ರತ್ಯೇಕ ಫೀಡ್ ಶಾಫ್ಟ್ ಇಲ್ಲ. ಫೀಡಿಗೂ ಥ್ರೆಡ್ಡಿಂಗಿಗೂ ಇಂಚಿಗೆ 8 ಎಳೆಯ, ಅಂದರೆ 3.175 ಮಿ.ಮೀ. ಪಿಚ್ಚಿನ ಒಂದೇ ಲೀಡ್‌ಸ್ಕ್ರೂ. ಮನೆಯಲ್ಲೇ ಏನನ್ನಾದರೂ ಜೋಡಿಸಿ ಸುಧಾರಿಸುವ ಚಪಲವನ್ನು 1898ರಲ್ಲಿ ಪರ್ಸಿವಲ್ ಮಾರ್ಷಲ್ ಆರಂಭಿಸಿದ 'ಮಾಡೆಲ್ ಎಂಜಿನಿಯರ್' ಪತ್ರಿಕೆ ಆಗಲೇ ಅರ್ಧ ಶತಮಾನದಿಂದ ಪೋಷಿಸುತ್ತಿತ್ತು.

ಎಲ್ಲಕ್ಕಿಂತ ಸುಲಭದ ಉಪಾಯ ಬೆಡ್ಡಿಗೆ ಬಿಗಿಯುವ ಗಟ್ಟಿ ಸ್ಟಾಪು. ಕೈಯಿಂದ ಕ್ಯಾರೇಜು ಸರಿಸುವಾಗ ಇದಕ್ಕಿಂತ ನಂಬಿಗಸ್ತ ಸಾಧನವಿಲ್ಲ. ಹಾಫ್‌ನಟ್ ಕಚ್ಚಿಕೊಂಡಿರುವಾಗ ಮಾತ್ರ ಇದು ಅಪಾಯಕಾರಿ. ಲೀಡ್‌ಸ್ಕ್ರೂಗೆ 10 ನ್ಯೂಟನ್-ಮೀಟರ್ ತಿರುಚುಬಲ ಬಂದು, ಸ್ಕ್ರೂವಿನ ದಕ್ಷತೆ ಶೇ. 30 ಎಂದುಕೊಂಡರೂ ಕ್ಯಾರೇಜಿನ ಮೇಲೆ ಬೀಳುವ ತಳ್ಳುಬಲ ಸುಮಾರು 5.9 ಕಿಲೋನ್ಯೂಟನ್, ಅಂದರೆ 600 ಕೆ.ಜಿ. ಭಾರದಷ್ಟು. ಸ್ಟಾಪು ಜಾರದಿದ್ದರೆ ಗೇರಿನ ಹಲ್ಲು ಹೋಗುತ್ತದೆ.

ಹಾಗಾದರೆ ಮೈಕ್ರೋಸ್ವಿಚ್ ಇಟ್ಟು ಮೋಟಾರನ್ನೇ ನಿಲ್ಲಿಸಿದರೆ? ವಿದ್ಯುತ್ ಕಡಿದ ಮೇಲೂ ಸ್ಪಿಂಡಲು ತಿರುಗುತ್ತಿರುತ್ತದೆ. ಎಷ್ಟು ಸುತ್ತು ತಿರುಗಿತೋ ಅಷ್ಟು ಪಿಚ್ ದೂರ ಕ್ಯಾರೇಜು ಹೋಗಿಯೇ ತೀರುತ್ತದೆ. ಚಕ್ ಬದಲಾದರೆ ಆ ಸುತ್ತಿನ ಲೆಕ್ಕವೂ ಬದಲಾಗುತ್ತದೆ. ಇನ್ವರ್ಟರ್ ಹಾಕಿ ಅರ್ಧ ಸೆಕೆಂಡಿನಲ್ಲಿ ಸಮಗತಿಯಿಂದ ನಿಲ್ಲಿಸಿದರೆ 200 ಸುತ್ತಿನ ವೇಗದಿಂದ ನಿಲ್ಲಲು 0.83 ಸುತ್ತು ಬೇಕು, ಕ್ಯಾರೇಜು 1.25 ಮಿ.ಮೀ. ಸಾಗುತ್ತದೆ. ಕೈಯ ತಡಕ್ಕೂ ಇಷ್ಟೇ ಬಂದಿತ್ತು! ಇದು ಪ್ರತಿ ಸಲವೂ ಒಂದೇ ಆಗಿರುವುದರಿಂದ ಸ್ವಿಚ್ಚನ್ನು ಅಷ್ಟು ಹಿಂದೆ ಇಟ್ಟು ಸರಿದೂಗಿಸಬಹುದು. ಆದರೆ ಮೈಫೋರ್ಡಿನಲ್ಲಿ ಬೇರೊಂದು ತೊಡಕಿದೆ. ಅದರ ಚಕ್ ಸ್ಪಿಂಡಲಿನ ಮೂತಿಗೆ ಸ್ಕ್ರೂವಿನಂತೆ ತಿರುಗಿ ಕೂರುತ್ತದೆ. ಸ್ಪಿಂಡಲಿಗೆ ಜೋರಾಗಿ ಬ್ರೇಕ್ ಬಿದ್ದಾಗ ಭಾರದ ಚಕ್ ತನ್ನ ಓಟದಲ್ಲೇ ಮುಂದೆ ತಿರುಗಿ ಸಡಿಲವಾಗುತ್ತದೆ. ಜಾಬ್ ಸಮೇತ ಚಕ್ ಕಳಚಿ ಬೀಳುವ ಸಾಧ್ಯತೆಯಿರುವ ಲೇತಿಗೆ ಈ ದಾರಿಯನ್ನು ನಾನಂತೂ ಶಿಫಾರಸು ಮಾಡಲಾರೆ.

ಉಳಿಯುವುದು ಡಾಗ್ ಕ್ಲಚ್, ಅಂದರೆ ಹಲ್ಲಿಗೆ ಹಲ್ಲು ಕಚ್ಚಿಕೊಂಡು ಚಾಲನೆ ಸಾಗಿಸುವ ಕ್ಲಚ್. ಸ್ಪಿಂಡಲು ತಿರುಗುತ್ತಲೇ ಇರುತ್ತದೆ. ಹಾಫ್‌ನಟ್ ಕಚ್ಚಿಕೊಂಡೇ ಇರುತ್ತದೆ. ನಡುವಿನ ಚಾಲನೆ ಮಾತ್ರ ಕಡಿಯುತ್ತದೆ. ಟೂಲನ್ನು ಹಿಂದೆಳೆದು, ಲೀಡ್‌ಸ್ಕ್ರೂವನ್ನು ಕೈಯಿಂದ ಹಿಮ್ಮುಖ ತಿರುಗಿಸಿ ಕ್ಯಾರೇಜನ್ನು ಮೊದಲಿನ ಜಾಗಕ್ಕೆ ತಂದರೆ ಮುಂದಿನ ಕಟ್ಟಿಗೆ (ಕೊರೆತಕ್ಕೆ) ಸಿದ್ಧ. ಪ್ರಶ್ನೆ ಇರುವುದು ಟೂಲು ಹಳೆಯ ಎಳೆಯನ್ನೇ ಮತ್ತೆ ಹಿಡಿಯುತ್ತದೆಯೇ ಎಂಬುದರಲ್ಲಿ.

ಒಂಟಿ ಹಲ್ಲಿನ ಕ್ಲಚ್ಚನ್ನು ಲೀಡ್‌ಸ್ಕ್ರೂವಿನ ಬುಡದಲ್ಲಿ ಇಟ್ಟಿದ್ದೇವೆ ಎನ್ನಿ. ಅದು ಲೀಡ್‌ಸ್ಕ್ರೂವಿನ ಸುತ್ತಿಗೊಮ್ಮೆ ಕಚ್ಚುತ್ತದೆ. ಇಂಚಿಗೆ 16 ಎಳೆಯ ಥ್ರೆಡ್ಡಾದರೆ ಅಷ್ಟರಲ್ಲಿ ಸ್ಪಿಂಡಲು ಸರಿಯಾಗಿ 2 ಸುತ್ತು ಮುಗಿಸಿರುತ್ತದೆ, ತೊಂದರೆಯಿಲ್ಲ. 1.5 ಮಿ.ಮೀ. ಪಿಚ್ಚಿಗೆ ಈ ಲೆಕ್ಕ 127/60 ಸುತ್ತು. ಕಚ್ಚುವ 60 ಅವಕಾಶಗಳಲ್ಲಿ ಒಂದೇ ಒಂದು ಸರಿ, ಉಳಿದ 59 ಥ್ರೆಡ್ಡನ್ನು ಹಾಳುಗೆಡಹುತ್ತವೆ. ಅದೇ ಕ್ಲಚ್ಚನ್ನು ಬದಲಿ ಗೇರುಗಳಿಗಿಂತ ಮೊದಲು, ಸ್ಪಿಂಡಲಿನಷ್ಟೇ ಸುತ್ತು ತಿರುಗುವ ಶಾಫ್ಟಿನಲ್ಲಿ ಇಟ್ಟು ನೋಡಿ. ಪಿಚ್ ಯಾವುದೇ ಇರಲಿ, ಸ್ಪಿಂಡಲು ಪೂರ್ಣ ಸುತ್ತು ಮುಗಿಸಿದಾಗ ಮಾತ್ರ ಹಲ್ಲು ಕಚ್ಚುತ್ತದೆ. ತಪ್ಪು ಎಳೆ ಹಿಡಿಯುವ ಅವಕಾಶವೇ ಇಲ್ಲ. ಮಾರ್ಟಿನ್ ಕ್ಲೀವ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಲೇಖಕ, ಥ್ರೆಡ್ಡಿಂಗ್ ಬಗೆಗಿನ ತನ್ನ ಪುಸ್ತಕದಲ್ಲಿ ಡಾಗ್ ಕ್ಲಚ್ಚಿಗೆ ಕೊಟ್ಟ ಮಹತ್ವ ಈ ಲೆಕ್ಕ ಹಾಕಿದವರಿಗೆ ಅತಿಯೆನಿಸದು. ಕಾರ್ಖಾನೆ ದರ್ಜೆಯ ಹಾರ್ಡಿಂಜ್ ಎಚ್‌ಎಲ್‌ವಿ-ಎಚ್ ಲೇತಿನಲ್ಲೂ ಹಾಫ್‌ನಟ್ ಬಿಡಿಸದೆ ನಿಲ್ಲುವ, ಹಿಮ್ಮರಳುವ ಏರ್ಪಾಡಿದೆ.

ಈ ತರ್ಕದ ಪ್ರಯೋಜನ ಇಲ್ಲಿನವರಿಗೂ ಇದೆ. ಇಂಚಿನ ಲೀಡ್‌ಸ್ಕ್ರೂ ಇರುವ ಹಳೆಯ ಲೇತಿನಲ್ಲಿ ಮೆಟ್ರಿಕ್ ಬೋಲ್ಟು ಮಾಡುವವರು ಹಾಫ್‌ನಟ್ ಬಿಡಿಸಲಾಗದೆ, ಪ್ರತಿ ಕಟ್ಟಿಗೂ ಮೋಟಾರನ್ನು ಹಿಮ್ಮುಖ ಓಡಿಸುವ ಕಷ್ಟ ನಮ್ಮ ಸಣ್ಣ ವರ್ಕ್‌ಶಾಪುಗಳಿಗೆ ಹೊಸದಲ್ಲ.

ಕ್ಲಚ್ಚನ್ನು ಬಿಡಿಸುವ ರೀತಿ ಇನ್ನೂ ನಾಜೂಕಿನದು. ಬೆಡ್ಡಿನುದ್ದಕ್ಕೂ ಒಂದು ರಾಡ್, ಅದರ ಮೇಲೆ ಬೇಕಾದಲ್ಲಿ ಬಿಗಿಯುವ ಕಾಲರ್. ಕ್ಯಾರೇಜು ಬಂದು ಕಾಲರನ್ನು ತಳ್ಳಿದಾಗ ರಾಡ್ ಕ್ಲಚ್ಚನ್ನು ಸರಿಸುತ್ತದೆ. ಕ್ಯಾರೇಜಿನ ತಳ್ಳುವಿಕೆಯನ್ನಷ್ಟೇ ನಂಬಿದರೆ ಹಲ್ಲಿನ ತುದಿ ಮಾತ್ರ ತಾಗಿಕೊಂಡ ಕ್ಷಣದಲ್ಲಿ ಪೂರ್ತಿ ಭಾರ ಆ ತುದಿಯ ಮೇಲೆ ಬೀಳುತ್ತದೆ. ಹಲ್ಲು ಜಾರಿದ ಕೂಡಲೇ ಕ್ಯಾರೇಜು ನಿಂತು, ಮುಂದಕ್ಕೆ ತಳ್ಳುವವರಿಲ್ಲದೆ ಹಲ್ಲುಗಳು ಟಕಟಕ ಉಜ್ಜುತ್ತ ಮೂಲೆ ಸವೆಯುತ್ತವೆ. ಆದ್ದರಿಂದ ಕೊನೆಯ ಚಲನೆಗೆ ಬೇಕಾದ ಶಕ್ತಿಯನ್ನು ಮೊದಲೇ ಸ್ಪ್ರಿಂಗಿನಲ್ಲಿ ಕೂಡಿಡಬೇಕು. ರಾಡನ್ನು ಅದರ ಜಾಗದಲ್ಲಿ ಹಿಡಿದಿಡುವ ಗುಂಡು ತನ್ನ ಕುಳಿ ದಾಟಿದೊಡನೆ ಸ್ಪ್ರಿಂಗು ಕ್ಲಚ್ಚನ್ನು ಒಮ್ಮೆಲೇ ಹೊರಗೆಳೆಯಬೇಕು. ಹಲ್ಲಿನ ಬದಿಗಳ ಘರ್ಷಣೆ ಕಟ್ಟಿನ ಭಾರದೊಂದಿಗೆ ಹೆಚ್ಚುವುದರಿಂದ, ಸ್ಪ್ರಿಂಗಿನ ಬಲವನ್ನು ಲೆಕ್ಕ ಹಾಕಬೇಕಾದ್ದು ಅತಿ ಭಾರದ ಕಟ್ಟಿಗೆ. ಭಾರವಾದ ಕಟ್ಟು ತುಸು ಮುಂದೆ, ಹಗುರವಾದದ್ದು ತುಸು ಹಿಂದೆ ನಿಲ್ಲಬಹುದು. ಶೋಲ್ಡರಿನ ಅಂತಿಮ ಅಳತೆಯನ್ನು ಗಟ್ಟಿ ಸ್ಟಾಪಿಗೆ ತಾಗಿಸಿ ಕೈಯಿಂದಲೇ ತರುವುದು ಒಳ್ಳೆಯದು.

ಇನ್ನೆರಡು ಎಚ್ಚರಿಕೆ ಅಗತ್ಯ. ಕ್ಯಾರೇಜು ನಿಂತ ಮೇಲೂ ಜಾಬ್ ತಿರುಗುತ್ತಿರುವುದರಿಂದ ಟೂಲು ಅಲ್ಲೇ ಉಂಗುರದಂಥ ತೋಡು ಕೊರೆಯುತ್ತದೆ. ಥ್ರೆಡ್ಡಿನ ಕೊನೆಗೆ ಮೊದಲೇ ಗ್ರೂವ್ ಕೊಟ್ಟಿದ್ದರೆ ಇದರಿಂದ ಬಾಧೆಯಿಲ್ಲ. ಎರಡನೆಯದು, ಥ್ರೆಡ್ ಪೂರ್ಣವಾಗುವವರೆಗೆ ಟಂಬ್ಲರ್ ಗೇರನ್ನಾಗಲಿ ಬದಲಿ ಗೇರುಗಳನ್ನಾಗಲಿ ಮುಟ್ಟುವಂತಿಲ್ಲ. ಒಂದು ಹಲ್ಲು ಜಾರಿ ಕೂತರೂ ಸ್ಪಿಂಡಲಿಗೂ ಲೀಡ್‌ಸ್ಕ್ರೂವಿಗೂ ಇದ್ದ ಹೊಂದಾಣಿಕೆ ತಪ್ಪುತ್ತದೆ, ಟೂಲಿನ ಮೊನೆಯನ್ನು ಹಳೆಯ ಎಳೆಗೆ ಕಣ್ಣಳತೆಯಲ್ಲಿ ಮತ್ತೆ ಕೂರಿಸಬೇಕಾಗುತ್ತದೆ.