ಒಂದೇ ಹೊಳೆ, ಎರಡು ಗಣಿ

ಶಿವಮೊಗ್ಗ ಕಡೆಯವರಿಗೆ ಭದ್ರಾವತಿ ಅಂದ್ರೆ ಕಬ್ಬಿಣದ ಕಾರ್ಖಾನೆ. ಆದರೆ ಆ ಕಾರ್ಖಾನೆ ಬದುಕಿದ್ದು ಕಾಡಿನಿಂದ. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಹಾಗಾಗಿ 1923ರಲ್ಲಿ ಕುಲುಮೆ ಹೊತ್ತಿಸಿದ್ದು ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲಿನಿಂದ. ಅದಿರು ಬಂದದ್ದು ನಾವೆಲ್ಲ ವೀಕೆಂಡಿಗೆ ಹೋಗೋ ಕೆಮ್ಮಣ್ಣುಗುಂಡಿಯಿಂದ. ವಿಶ್ವೇಶ್ವರಯ್ಯನವರು ಕಾರ್ಖಾನೆಯನ್ನು ನಷ್ಟದಿಂದ ಎತ್ತಿದ ಕತೆ ಎಲ್ಲರಿಗೂ ಗೊತ್ತು. ಮರಗಳ ಲೆಕ್ಕ ಯಾರೂ ಹೇಳುವುದಿಲ್ಲ.

ಎರಡನೇ ಗಣಿ ಅದೇ ಭದ್ರೆಯ ನೆತ್ತಿಯ ಮೇಲಿತ್ತು. 1976ರಲ್ಲಿ ಕುದುರೆಮುಖ ಕಂಪನಿ ಹುಟ್ಟಿತು. ದುಡ್ಡು ಕೊಡಬೇಕಿದ್ದ, ಅದಿರು ಕೊಳ್ಳಬೇಕಿದ್ದ ಇರಾನಿನ ಷಾ 1979ರ ಕ್ರಾಂತಿಯಲ್ಲಿ ಪದಚ್ಯುತನಾದ. ಆದರೂ ಗಣಿ ನಡೆಯಿತು. ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಪುಡಿ ಮಾಡಿ, ನೀರಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಕಳಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬುತ್ತಿತ್ತು. ಅಗೆದ ಗುಡ್ಡದ ಮಣ್ಣು ಮಳೆಗಾಲದಲ್ಲಿ ಹೊಳೆಗೆ ಇಳಿಯುತ್ತಿತ್ತು. ಆಗುಂಬೆ ಸೀಮೆಯ ಮಳೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಸಿಂಗಳೀಕಗಳಿರುವ ಆ ಕಾಡನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನ ಎಂದು ಘೋಷಿಸಿದರು. ಗಣಿ ಮಾತ್ರ ನಿಲ್ಲಲಿಲ್ಲ. 1999ರಲ್ಲಿ ಗುತ್ತಿಗೆ ಮುಗಿದರೂ ತಾತ್ಕಾಲಿಕ ಅನುಮತಿಗಳ ಮೇಲೆ ನಡೆಯಿತು. ಕಡೆಗೆ ಕೆ.ಎಂ. ಚಿಣ್ಣಪ್ಪ ಮತ್ತು ಜೊತೆಗಾರರು ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರಿನಲ್ಲಿ ತೀರ್ಪು ಬಂತು, 2005ರ ಡಿಸೆಂಬರ್ 31ಕ್ಕೆ ಅಗೆತ ನಿಂತಿತು.

ನಾವು ಇದನ್ನು ಗೆಲುವು ಅಂತೀವಿ. ಗೆಲುವೇ ಹೌದು. ಆದರೆ ಅಲ್ಲಿನ ಮಲೆಕುಡಿಯರ ಕಡೆಯಿಂದ ನೋಡಿ. ಗಣಿ ಬಂದಾಗ ಒಪ್ಪಿಗೆ ಕೇಳಬೇಕೆನ್ನುವ ಕಾನೂನೇ ಇರಲಿಲ್ಲ. ಗಣಿ ಹೋದಮೇಲೂ ಉದ್ಯಾನದೊಳಗಿನ ಅವರ ಮನೆಗಳ ಮೇಲೆ ಸ್ಥಳಾಂತರದ ತೂಗುಕತ್ತಿ ಉಳಿಯಿತು. ಕಾಡಿನಲ್ಲಿ ಅವರಿಗೂ ಹಕ್ಕಿದೆ ಎನ್ನುವ ಅರಣ್ಯ ಹಕ್ಕು ಕಾಯ್ದೆ ಬಂದದ್ದು 2006ರಲ್ಲಿ, ಗಣಿ ನಿಂತ ಮೇಲೆ.

ಈಗ ಕಬ್ಬಿಣದ ಜಾಗಕ್ಕೆ ಅಪರೂಪದ ಭೂಲೋಹಗಳು ಬಂದಿವೆ. ನಮ್ಮ ಎಲೆಕ್ಟ್ರಿಕ್ ಸ್ಕೂಟರಿನ ಮೋಟಾರಿಗೆ ಬೇಕಾದ ಅಯಸ್ಕಾಂತ ಅದರಿಂದಲೇ. ಈ ಲೋಹಗಳು ಬೇಡ ಅಂತ ನಾನು ಹೇಳಲಾರೆ. ಭದ್ರಾವತಿಯ ಸಾವಿರಾರು ಮನೆಗಳ ಒಲೆ ಉರಿದದ್ದೂ ಗಣಿಯ ಅದಿರಿನಿಂದಲೇ. ಆದರೆ 2025ರ ಸೆಪ್ಟೆಂಬರಿನಲ್ಲಿ ಕೇಂದ್ರ ಪರಿಸರ ಸಚಿವಾಲಯ ಇಂಥ ಖನಿಜಗಳ ಗಣಿಗಳಿಗೆ ಸಾರ್ವಜನಿಕ ಅಹವಾಲಿನಿಂದ ವಿನಾಯಿತಿ ಕೊಟ್ಟಿತು. ಊರಿನವರು ಎದ್ದು ನಿಂತು ಪ್ರಶ್ನೆ ಕೇಳಬಹುದಾದ ಸಭೆಯನ್ನೇ ತೆಗೆದು ಹಾಕಿದ ಹಾಗೆ.

ಜವಾಬ್ದಾರಿಯುತ ಗಣಿ ಅಂದರೆ ಏನು ಅಂತ ಭದ್ರೆ ಕಲಿಸಿದ ಪಾಠ ಸರಳ. ಮೊದಲ ಗುದ್ದಲಿ ಬೀಳುವ ಮುಂಚೆ ಅಲ್ಲಿನವರನ್ನು ಕೇಳಿ. ಕೆಸರು ಎಲ್ಲಿಗೆ ಹೋಗುತ್ತೆ ಅಂತ ಹೊಳೆಯ ಕೆಳಗಿನವರಿಗೂ ಹೇಳಿ. ಗಣಿ ಮುಚ್ಚುವ ದಿನವನ್ನೂ, ಮುಚ್ಚುವ ಖರ್ಚನ್ನೂ ಶುರುವಿನಲ್ಲೇ ಬರೆದಿಡಿ. ಇಷ್ಟಕ್ಕೆ ಒಪ್ಪದ ಕಂಪನಿಗೆ ಗುಡ್ಡ ಕೊಡಬೇಡಿ.