ಬೀದರ ಪ್ರಸ್ಥಭೂಮಿಯ ಮಣ್ಣು-ನೀರು ಮತ್ತು ರಾಜ್ಯದ ಅಧಿನಿಯಮಗಳು

ಶಾಸನವೆಂದೊಡನೆ ಇತಿಹಾಸದ ವಿದ್ಯಾರ್ಥಿಗಳು ಶಿಲೆ, ತಾಮ್ರಪಟಗಳನ್ನು ನೆನೆಯುವುದು ಸಹಜ. ಆದರೆ ವಿಧಾನಮಂಡಲದ ಅಧಿನಿಯಮವೂ ಚಾರಿತ್ರಿಕ ಆಧಾರವೇ. ಒಂದು ಕಾಲದ ಆಡಳಿತವು ನೆಲವನ್ನು ಯಾವ ದೃಷ್ಟಿಯಿಂದ ಕಂಡಿತೆಂಬುದು ಅದರಿಂದ ವಿದಿತವಾಗುತ್ತದೆ. ಬೀದರ ತಾಲ್ಲೂಕಿನ ಕಮಠಾಣದ ಸುತ್ತಣ ಪ್ರದೇಶವನ್ನು ಮುಂದಿಟ್ಟುಕೊಂಡು ಅಂತಹ ಕೆಲವು ಅಧಿನಿಯಮಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದಲ್ಲಿ ನಮ್ಮ ಉದ್ದೇಶ.

ಮೊದಲು ನೆಲದ ಸ್ವರೂಪವನ್ನು ನೋಡೋಣ. ಬೀದರ ಪ್ರಸ್ಥಭೂಮಿಯ ಮೇಲ್ಪದರ ಕೆಂಪು ಜಂಬಿಟ್ಟಿಗೆಯದು. ಅದರ ಕೆಳಗೆ ದಖನ್ನಿನ ಕಪ್ಪು ಶಿಲೆ. ರಂಧ್ರಮಯವಾದ ಜಂಬಿಟ್ಟಿಗೆಯಲ್ಲಿ ಇಂಗಿದ ಮಳೆನೀರು ಕೆಳಗಣ ಜೇಡಿಯ ಪದರದಲ್ಲಿ ತಡೆದು, ಪ್ರಸ್ಥಭೂಮಿಯ ಅಂಚುಗಳಲ್ಲಿ ಒರತೆಯಾಗಿ ಹೊರಬರುತ್ತದೆ. ಬಹಮನೀ ಕಾಲದ್ದೆಂದು ವಿದ್ವಾಂಸರು ಹೇಳುವ ನೌಬಾದಿನ ಸುರಂಗ ಕಾಲುವೆಯು (ಕರೇಜ್) ಈ ಗುಣವನ್ನು ಅರಿತೇ ರಚಿತವಾದುದು. ಮೇಲಣ ಬಯಲು ಕೆಟ್ಟರೆ ಕೆಳಗಣ ಬಾವಿ ಬತ್ತುವುದೆಂಬ ತಿಳಿವಳಿಕೆ ಇಲ್ಲಿ ಹೊಸತಲ್ಲ.

1956ರ ನವೆಂಬರ್ 1ರಂದು ಬೀದರ ಜಿಲ್ಲೆ ಹೈದರಾಬಾದಿನಿಂದ ಮೈಸೂರು ರಾಜ್ಯಕ್ಕೆ ಸೇರಿದಾಗ ಕಾನೂನುಗಳು ಪ್ರಾಂತಕ್ಕೊಂದಾಗಿದ್ದವು. ಇಲ್ಲಿ ಫಸಲಿ 1355ರ ಹೈದರಾಬಾದ್ ಅರಣ್ಯ ಕಾನೂನು ನಡೆಯುತ್ತಿತ್ತು; ಬಿಜಾಪುರ, ಧಾರವಾಡಗಳಲ್ಲಿ ಒಡ್ಡು ಮೊದಲಾದ ಕಾರ್ಯಗಳಿಗೆ ಮುಂಬಯಿಯ 1942ರ ಭೂ ಅಭಿವೃದ್ಧಿ ಯೋಜನೆಗಳ ಕಾನೂನು ಇತ್ತು. ಏಕೀಕೃತ ರಾಜ್ಯವು 1961ರಲ್ಲಿ ಭೂ ಅಭಿವೃದ್ಧಿ ಅಧಿನಿಯಮವನ್ನೂ 1963ರಲ್ಲಿ ಅರಣ್ಯ ಅಧಿನಿಯಮವನ್ನೂ ರಚಿಸಿ ಈ ಭೇದವನ್ನು ನೀಗಲೆತ್ನಿಸಿತು.

ಇಲ್ಲಿ ಒಂದು ಸಂಗತಿ ಗಮನಾರ್ಹ. ಗೇಣಿದಾರರ ಹಕ್ಕುಗಳನ್ನು ಕುರಿತ ಭೂಸುಧಾರಣಾ ಅಧಿನಿಯಮವೂ 1961ರದೇ. ಅದನ್ನು ಕುರಿತು ವಿಪುಲವಾಗಿ ಬರೆಯಲಾಗಿದೆ. ಅದರ ಅವಳಿಯೆನ್ನಬಹುದಾದ ಭೂ ಅಭಿವೃದ್ಧಿ ಅಧಿನಿಯಮವನ್ನು ನಮ್ಮ ಪಠ್ಯಗಳು ಮರೆತಿವೆ. ಒಂದು ‘ನೆಲ ಯಾರದು?’ ಎಂದು ಕೇಳಿತು. ಇನ್ನೊಂದು ‘ನೆಲ ಉಳಿಯುವುದೇ?’ ಎಂದು ಕೇಳಿತು. ಹಕ್ಕಿಗೆ ವಾರಸುದಾರರಿದ್ದರು, ಸವಕಳಿಗೆ ಇರಲಿಲ್ಲ. ಮೇಲಿನ ಹೊಲದವನು ಒಡ್ಡು ಕಟ್ಟದಿದ್ದರೆ ನಷ್ಟ ಕೆಳಗಿನ ಹೊಲದವನಿಗೆ. ಆದ್ದರಿಂದಲೇ ಖಾಸಗಿ ಹೊಲಗಳ ಗಡಿಯನ್ನು ಮೀರಿದ ಯೋಜನೆಗಳಿಗೆ ಕಾನೂನಿನ ಬಲ ಬೇಕಾಯಿತು.

ಅನಂತರದ ಕಾನೂನುಗಳು ಒಂದೊಂದು ಅಂಗವನ್ನು ಹಿಡಿದವು. 1976ರದು ಮರಗಳಿಗೆ, 1999ರದು ಕುಡಿಯುವ ನೀರಿನ ಮೂಲಗಳಿಗೆ, 2011ರದು ಅಂತರ್ಜಲಕ್ಕೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೋಡಬಾರದೆಂಬ 1999ರ ನಿಯಮವು ನೆರೆಯವನ ಕೊಳವೆಬಾವಿಯಿಂದ ಊರಿನ ನೀರು ಬತ್ತಬಹುದೆಂಬುದನ್ನು ಒಪ್ಪಿಕೊಂಡಿತು. ಆದರೂ ಮಣ್ಣು, ಮರ, ನೀರುಗಳು ಬೇರೆ ಬೇರೆ ಇಲಾಖೆಗಳ ಪಾಲಾಗಿಯೇ ಉಳಿದವು. 2012ರಲ್ಲಿ ಮಂಜೂರಾಗಿ ಬೀದರಕ್ಕೂ ವ್ಯಾಪಿಸಿದ ಸುಜಲಾ ಮೂರನೆಯ ಯೋಜನೆ ಇವನ್ನು ಜಲಾನಯನವೆಂಬ ಒಂದೇ ಘಟಕದಲ್ಲಿ ಕಾಣಲು ಯತ್ನಿಸಿತು. ಆದರೆ ಅದು ಯೋಜನೆ, ಅಧಿನಿಯಮವಲ್ಲ. ಯೋಜನೆಗೆ ಅವಧಿಯುಂಟು, ಇಳಿಜಾರಿಗೆ ಇಲ್ಲ.

ಇದರಿಂದ ನಮಗೆ ತೋರುವುದಿಷ್ಟು: ಕಾನೂನುಗಳ ಕೊರತೆಗಿಂತ ಅವುಗಳ ವಿಂಗಡಣೆಯೇ ಇಲ್ಲಿಯ ಮುಖ್ಯ ಸಮಸ್ಯೆ. ಕಮಠಾಣದಂತಹ ಊರುಗಳಲ್ಲಿ ಹಳೆಯ ಒಡ್ಡುಗಳ ಗುರುತುಗಳನ್ನೂ ಕಂದಾಯದ ಕಾಗದಗಳನ್ನೂ ವೃದ್ಧ ರೈತರ ನೆನಪುಗಳನ್ನೂ ನಮ್ಮ ವಿದ್ಯಾರ್ಥಿಗಳು ಈಗಲೇ ಸಂಗ್ರಹಿಸಿದಲ್ಲಿ, ಅಧಿನಿಯಮವು ಹೊಲದವರೆಗೆ ಎಷ್ಟು ಮಟ್ಟಿಗೆ ತಲಪಿತೆಂಬುದನ್ನು ಖಚಿತವಾಗಿ ನಿರ್ಣಯಿಸಲು ಸಾಧ್ಯವಾದೀತು.