ಬಯಲಿನ ಸರಪಳಿ, ಮಗುವಿನ ಮಿದುಳು

1800ನೆಯ ಇಸವಿಯ ಕೊನೆಯ ತಿಂಗಳುಗಳಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ಬೆಂಗಳೂರಿನ ಬಯಲಿನಲ್ಲಿ ನೂರು ಅಡಿಯ ಉಕ್ಕಿನ ಸರಪಳಿಯನ್ನು ಹಾಸಿ, ಏಳು ಮೈಲಿಗೂ ಮೀರಿದ ಒಂದು ನೇರ ರೇಖೆಯನ್ನು ಅಳೆದನು. ಹಲಸೂರಿನ ಕೆರೆ ಆಗಲೂ ಇತ್ತು. ದಂಡು ಮಾತ್ರ ಇನ್ನೂ ಬಂದಿರಲಿಲ್ಲ. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಆದುದರಿಂದ ಸರಪಳಿಯ ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು ಲೆಕ್ಕವನ್ನು ತಿದ್ದಬೇಕಾಗಿತ್ತು. ಒಂದು ಭುಜ ನಿಖರವಾಗಿ ತಿಳಿದರೆ ಮುಂದಿನದು ಕೋನಗಳ ಕೆಲಸ; ತ್ರಿಕೋನದಿಂದ ತ್ರಿಕೋನಕ್ಕೆ ಸಾಗಿ ಸೀಮೆಯನ್ನೇ ಬಲೆಯೊಳಗೆ ಹಿಡಿಯಬಹುದು. 1868ರಲ್ಲಿ ಕೃಷ್ಣರಾಜಪುರದ ಕಡೆಯ ಕಣ್ಣೂರಿನಿಂದ ಇನ್ನೊಂದು ಮೂಲರೇಖೆಯನ್ನು ಅಳೆದರು.

ಮಗುವಿನ ಮಿದುಳನ್ನು ಅಳೆಯುವ ವಿದ್ಯೆಯ ಬಗ್ಗೆ ಓದುವಾಗ ನನಗೆ ಈ ತ್ರಿಕೋನಗಳು ನೆನಪಾದವು. ಮಿದುಳಿನ ತೊಗಟೆ ಮಡಿಸಿಟ್ಟ ಬಟ್ಟೆಯಂತೆ. ಅದರ ಮೂರರಲ್ಲಿ ಎರಡು ಪಾಲು ಮಡಿಕೆಗಳೊಳಗೆ ಅಡಗಿದೆ. ಕಮರ್ಷಿಯಲ್ ಸ್ಟ್ರೀಟಿನ ಯಾವ ಬಟ್ಟೆಯಂಗಡಿಯವನೂ ಕಟ್ಟಿನ ಗಾತ್ರವನ್ನು ನೋಡಿ ಗಜ ಹೇಳುವುದಿಲ್ಲ. ತಲೆಗೆ ಪಟ್ಟಿ ಸುತ್ತಿ ಬುದ್ಧಿಯನ್ನು ನಿರ್ಧರಿಸಹೊರಟ ಹತ್ತೊಂಬತ್ತನೆಯ ಶತಮಾನದ ಪಂಡಿತರು ಈ ವಿವೇಕವನ್ನು ಅಂಗಡಿಯವನಿಂದ ಕಲಿಯಬಹುದಾಗಿತ್ತು.

ಮಡಿಕೆಗಳನ್ನೂ ಸೇರಿಸಿ ಅಳೆಯಹೊರಟವರಲ್ಲಿ ಗಟ್ಟಿಂಗೆನ್ನಿನ ಹರ್ಮನ್ ವಾಗ್ನರ್ ಒಬ್ಬನು. ಹ್ಯಾನೋವರ್ ಸೀಮೆಯನ್ನು ತ್ರಿಕೋನಗಳಿಂದ ಅಳೆದ ಗಣಿತಜ್ಞ ಗೌಸ್ 1855ರಲ್ಲಿ ತೀರಿಕೊಂಡಾಗ ಅವನ ಮಿದುಳನ್ನು ಕಾದಿರಿಸಿದ್ದರು. ವಾಗ್ನರ್ 1864ರ ತನ್ನ ಪ್ರಬಂಧದಲ್ಲಿ ಅದರ ಹೊರಮೈಯನ್ನೂ ಲೆಕ್ಕಹಾಕಿದನು. ಮುಂದೆ ಹೆಸರಾಂತ ಭೂಗೋಳಶಾಸ್ತ್ರಜ್ಞನಾದನು. ಗೌಸನ ಹೆಸರಿನ ಜಾಡಿಯಲ್ಲಿದ್ದುದು ಫುಕ್ಸ್ ಎಂಬ ವೈದ್ಯನ ಮಿದುಳೆಂಬುದು 2013ರಲ್ಲಿ ಬಯಲಾಯಿತು. ಚೀಟಿಗಳು ಎಂದೋ ಅದಲುಬದಲಾಗಿದ್ದವು!

ಇಂದು ಜಾಡಿ ಬೇಕಾಗಿಲ್ಲ. ಎಂ.ಆರ್.ಐ. ಚಿತ್ರದಲ್ಲಿ ಗಣಕಯಂತ್ರವು ಬಿಳಿವಸ್ತು ಮತ್ತು ಬೂದುವಸ್ತುಗಳ ಗಡಿಯನ್ನು ಗುರುತಿಸಿ, ಅದರ ಮೇಲೆ ಲಕ್ಷಗಟ್ಟಲೆ ಪುಟ್ಟ ತ್ರಿಕೋನಗಳನ್ನು ಹೊದಿಸಿ, ಅವುಗಳ ಕ್ಷೇತ್ರಫಲವನ್ನು ಕೂಡಿಸುತ್ತದೆ. ಎಳೆಯ ಮಕ್ಕಳಲ್ಲಿ ಆ ಗಡಿಯನ್ನು ಗುರುತಿಸುವುದೇ ಕಷ್ಟ. ನರತಂತುಗಳಿಗೆ ಕೊಬ್ಬಿನ ಹೊದಿಕೆ ಏರುತ್ತಿರುವಾಗ, ಸುಮಾರು ಆರರಿಂದ ಎಂಟನೆಯ ತಿಂಗಳಿನಲ್ಲಿ, ಎರಡೂ ಒಂದೇ ಬಣ್ಣವಾಗಿ ಕಾಣುತ್ತವೆ. ಆದರೂ ಈ ಅಳತೆಯಿಂದಲೇ ಒಂದು ಬೆರಗಿನ ಸಂಗತಿ ತಿಳಿದುಬಂದಿದೆ: ತೊಗಟೆಯ ವಿಸ್ತಾರ ಹುಟ್ಟಿದ ಮೊದಲ ವರ್ಷದಲ್ಲಿ ಸುಮಾರು 1.8 ಪಟ್ಟಾಗುತ್ತದೆ, ಎರಡನೆಯ ವರ್ಷದಲ್ಲಿ ಕೇವಲ 1.2 ಪಟ್ಟು.

ನಮ್ಮ ಊರಿನ ನಿಮ್ಹಾನ್ಸ್ ಮುಂದಾಗಿ ನಿಂತು ದೇಶದ ಏಳು ಕೇಂದ್ರಗಳಲ್ಲಿ 6ರಿಂದ 23 ವರ್ಷದವರನ್ನು ಕುರಿತು ನಡೆಸಿದ 'ಸಿ-ವೇದ' ಅಧ್ಯಯನದಲ್ಲಿ ಕೆಲವರ ಮಿದುಳಿನ ಚಿತ್ರಗಳನ್ನೂ ತೆಗೆದರು. ಇಂಥ ಕೆಲಸ ಇಲ್ಲಿ ನಡೆಯದಿದ್ದರೆ, ಶಿವಾಜಿನಗರದ ಮಗುವನ್ನು ಬೇರೆ ಖಂಡದ ಮಕ್ಕಳ ಸರಾಸರಿಯ ಪಕ್ಕದಲ್ಲಿ ನಿಲ್ಲಿಸಿ ಇದು ಹೆಚ್ಚು, ಇದು ಕಡಿಮೆ ಎನ್ನಬೇಕಾಗುತ್ತದೆ. ಇನ್ನೊಂದು ಅಪಾಯವೂ ಉಂಟು. ಯಂತ್ರದೊಳಗೆ ತಲೆ ಅಲುಗಿದರೆ ಚಿತ್ರ ಮಸುಕಾಗಿ ತೊಗಟೆ ಇದ್ದುದಕ್ಕಿಂತ ತೆಳುವಾಗಿ ತೋರುತ್ತದೆ. ಮಗುವಿನ ಚಡಪಡಿಕೆಯೇ ಅದರ ಮಿದುಳಿನ ಊನವೆಂದು ದಾಖಲಾಗಬಹುದು. ಲ್ಯಾಂಬ್ಟನ್‌ಗೆ ಬಿಸಿಲನ್ನು ತಿದ್ದಲು ಉಷ್ಣಮಾಪಕವಿತ್ತು. ಇಲ್ಲಿಯಾದರೋ ಹಸುಗೂಸಿಗೆ ಹಾಲುಣಿಸಿ, ಬಟ್ಟೆಯಲ್ಲಿ ಸುತ್ತಿ, ಯಂತ್ರದ ಸದ್ದು ತಾಗದಂತೆ ಕಿವಿಗಳನ್ನು ಮುಚ್ಚಿ, ಅದು ನಿದ್ದೆಹೋಗುವ ತನಕ ಎಲ್ಲರೂ ಸುಮ್ಮನೆ ಕಾಯುತ್ತಾರೆ.